ನಸುಕಿನ ನಾಲ್ಕಕ್ಕೆ ಒಲೆ ಹಚ್ಚುವವರು ಯಾರು?

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೊಣಕಾಲೂರದವರ ವಿಶ್ವಾಸ ಅರೆಬರೆ ವಿಶ್ವಾಸ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಈಗ ಯಾರೂ ಪ್ರಶ್ನಿಸುವುದಿಲ್ಲ. ಪೆಂತೆಕೋಸ್ತು ಸಭೆಗಳಲ್ಲಷ್ಟೇ ಅಲ್ಲ, ಸಿಎಸ್‌ಐ, ಮೆಥಡಿಸ್ಟ್ ಸಭೆಗಳ ಪ್ರಸಂಗಗಳಲ್ಲೂ ಕ್ಯಾಥೊಲಿಕ್ ಧ್ಯಾನಕೂಟಗಳಲ್ಲೂ ಅದು ಕೇಳಿಬರುತ್ತದೆ. ಹೊಸ ವರ್ಷಕ್ಕೆ 21 ದಿನಗಳ ಉಪವಾಸ ಪ್ರಾರ್ಥನೆ, ಲೆಂಟ್ ಬಂದರೆ 40 ದಿನಗಳ ಮುಂಜಾನೆ ಪ್ರಾರ್ಥನೆ, ಉಳಿದ ದಿನಗಳಿಗೆ ನಾಲ್ಕೂವರೆಯ ಯೂಟ್ಯೂಬ್ ನೇರಪ್ರಸಾರ. ಬಂದವರ ಹೆಸರು ಹಿಡಿದು ಸ್ತೋತ್ರ ಹೇಳುತ್ತಾರೆ. ಬಾರದವರ ಹೆಸರು ಎತ್ತದಿದ್ದರೂ ಭಾನುವಾರದ ಪ್ರಸಂಗದಲ್ಲಿ ಆತ್ಮಿಕ ನಿದ್ದೆಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಅದನ್ನು ಕೇಳಿ ತಲೆ ತಗ್ಗಿಸುವವರಲ್ಲಿ ಹೆಚ್ಚಿನವರು ಹೆಂಗಸರು.

ನಸುಕಿನ ಪ್ರಾರ್ಥನೆ ಒಳ್ಳೆಯದು. ಊರು ಇನ್ನೂ ಮಲಗಿರುವಾಗ, ಫೋನು ಬಾಯಿ ತೆರೆಯುವ ಮೊದಲು, ದಿನದ ಮೊದಲ ಮಾತನ್ನು ದೇವರಿಗೆ ಹೇಳುವ ಅಭ್ಯಾಸ ಎಷ್ಟೋ ಜನರನ್ನು ಕುಡಿತದಿಂದ, ಕೋಪದಿಂದ, ಹತಾಶೆಯಿಂದ ಎತ್ತಿದೆ. ನನ್ನ ಆಕ್ಷೇಪ ಇರುವುದು ಆ ಗಂಟೆಯನ್ನು ವಿಶ್ವಾಸದ ಅಳತೆಗೋಲು ಮಾಡಿದವರ ಮೇಲೆ. ಒಬ್ಬ ಗಂಡಸು ನಾಲ್ಕರಿಂದ ಐದೂವರೆವರೆಗೆ ಕದಲದೆ ಕೂತು ಪ್ರಾರ್ಥಿಸಬೇಕಾದರೆ ಆ ಒಂದೂವರೆ ಗಂಟೆ ಮನೆಯ ಕೆಲಸವನ್ನು ಇನ್ನೊಬ್ಬರು ಹೊತ್ತಿರಬೇಕು. ಹೊತ್ತವಳು ಅವನ ಹೆಂಡತಿ, ತಾಯಿ ಅಥವಾ ಸೊಸೆ. ಅವನ ಪ್ರಾರ್ಥನೆ ಅವಳ ದುಡಿಮೆಯ ಮೇಲೆ ನಿಂತಿದೆ. ಹೀಗಿರುವಾಗ ಅವನನ್ನು ಪ್ರಾರ್ಥನಾ ವೀರ ಎಂದು ಕರೆದು ಅವಳಿಗೆ ಆತ್ಮಿಕ ಸೋಮಾರಿತನದ ಪಾಠ ಹೇಳುವುದು ಯಾವ ನ್ಯಾಯ?

ನಮ್ಮ ಬೀದಿಯ ಒಬ್ಬಾಕೆಯ ಅಡುಗೆಮನೆಯನ್ನು ನಾನು ನೋಡಿದ್ದೇನೆ. ನಾಲ್ಕೂವರೆಯ ಪ್ರಾರ್ಥನೆಗೆ ಫೋನಿನಲ್ಲಿ ಸೇರಿಕೊಂಡು, ಅದನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಾಳೆ. ಕುಕ್ಕರ್ ಕೂಗು ಆಚೆ ಕೇಳಬಾರದೆಂದು ಮ್ಯೂಟ್ ಮಾಡುತ್ತಾಳೆ. ಚಪಾತಿ ಹಿಟ್ಟು ಮೆತ್ತಿದ ಕೈ, ಆದ್ದರಿಂದ ಹೆಸರು ಕರೆದಾಗ ಮೊಣಕೈಯಿಂದ ಪರದೆ ಒತ್ತಿ ‘ಆಮೆನ್’ ಅನ್ನಬೇಕು. ಎರಡು ಟಿಫಿನ್ ಬಾಕ್ಸು, ಅತ್ತೆಗೆ ಬಿಸಿನೀರು, ನಲ್ಲಿಯಲ್ಲಿ ನೀರು ಬರುವ ದಿನವಾದರೆ ಡ್ರಮ್ಮು ತುಂಬಿಸುವ ಕೆಲಸ ಬೇರೆ. ಒಂದು ದಿನ ಆಕೆ ಪಾಸ್ಟರಿಗೆ ಹೇಳಿದಳು: ‘ಪಾಸ್ಟರ್, ಬೆಳಿಗ್ಗೆ ಮನಸ್ಸು ನಿಲ್ಲೋದಿಲ್ಲ, ನಂಗೋಸ್ಕರ ಪ್ರಾರ್ಥನೆ ಮಾಡಿ.’ ಬಂದ ಉತ್ತರ: ‘ಸಿಸ್ಟರ್, ಇನ್ನು ಅರ್ಧ ಗಂಟೆ ಮುಂಚೆ ಏಳಿ. ಕರ್ತನು ಬಲ ಕೊಡ್ತಾನೆ.’ ಆಕೆಯ ಗಂಡ ಅದೇ ಹೊತ್ತಿಗೆ ಹಾಲ್‌ನಲ್ಲಿ ಕಣ್ಮುಚ್ಚಿ ಕೂತು ಅನ್ಯಭಾಷೆಗಳಲ್ಲಿ ಪ್ರಾರ್ಥಿಸುತ್ತಿರುತ್ತಾನೆ, ಅದು ಪಾಸ್ಟರಿಗೂ ಗೊತ್ತು. ಎದ್ದು ಆ ಚಪಾತಿ ಲಟ್ಟಿಸು ಎಂದು ಅವನಿಗೆ ಹೇಳಲು ಆ ದೇವರ ಸೇವಕರಿಗೆ ಏಕೆ ಹೊಳೆಯಲಿಲ್ಲ?

ಇದು ಒಂದು ಮನೆಯ ಕತೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಕೈಯೇ ಹಾಕದ ಗಂಡಸರು ಈ ಸರಾಸರಿಯಲ್ಲಿ ಲೆಕ್ಕಕ್ಕೇ ಬಂದಿಲ್ಲ. ದೀಕ್ಷಾಸ್ನಾನ ಪಡೆದ ಮನೆಗಳಲ್ಲಿ ಈ ಅಂತರ ಮುಚ್ಚಿಹೋಗಿದೆ ಎಂದು ಎದೆ ತಟ್ಟಿ ಹೇಳಬಲ್ಲ ಸಭಾಪಾಲಕರು ಮುಂದೆ ಬರಲಿ.

ಬೋಧಕರು ಮೊದಲು ಎತ್ತಿಕೊಳ್ಳುವ ವಾಕ್ಯ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ್ದು: ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ ಸಂಗತಿ. ಅದರ ಹಿಂದಿನ ಐದಾರು ವಾಕ್ಯಗಳನ್ನು ಅವರು ಓದುವುದಿಲ್ಲ. ಹಿಂದಿನ ದಿನ ಯೇಸು ಸೀಮೋನನ ಮನೆಗೆ ಬಂದಾಗ ಅವನ ಅತ್ತೆ ಜ್ವರದಿಂದ ಮಲಗಿದ್ದಳು. ಸ್ವಾಮಿ ಅವಳ ಕೈಹಿಡಿದು ಎಬ್ಬಿಸಿದ. ಜ್ವರ ಬಿಟ್ಟಿತು, ಎದ್ದವಳು ಅವರೆಲ್ಲರ ಉಪಚಾರಕ್ಕೆ ನಿಂತಳು. ಸಂಜೆಗೆ ಊರಿಗೆ ಊರೇ ಆ ಬಾಗಿಲಿಗೆ ಬಂದು ನೆರೆಯಿತು. ಆ ರಾತ್ರಿ ಆ ಮನೆಯಲ್ಲಿ ಎಷ್ಟು ಪಾತ್ರೆ ತೊಳೆಯಬೇಕಾಗಿ ಬಂದಿರಬಹುದು? ಬೆಳಗಾದ ಮೇಲೆ ಆ ಅತ್ತೆ ನಸುಕಿನಲ್ಲೆದ್ದು ಪ್ರಾರ್ಥಿಸಲಿಲ್ಲ ಎಂದು ಯೇಸು ಗದರಿದ ಎಂದು ಯಾವ ಸುವಾರ್ತೆಯಲ್ಲಿ ಬರೆದಿದೆ? ಅವಳ ಸೇವೆಯನ್ನು ಮಾರ್ಕನು ಬರೆದಿಟ್ಟಿದ್ದಾನೆ. ನಮ್ಮ ಪ್ರಸಂಗಗಳು ಅದನ್ನು ದಾಟಿಕೊಂಡು ನೇರ ನಿರ್ಜನ ಸ್ಥಳಕ್ಕೆ ಓಡುತ್ತವೆ.

ಹಾಗೆಯೇ 127ನೇ ಕೀರ್ತನೆ. ನಸುಕಿನಲ್ಲೆದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ಉಣ್ಣುವುದು ವ್ಯರ್ಥ, ದೇವರು ತನ್ನ ಪ್ರಿಯರಿಗೆ ನಿದ್ದೆಯನ್ನು ಕೊಡುತ್ತಾನೆ ಎಂಬ ಅರ್ಥದ ಮಾತು ಅಲ್ಲಿದೆ. ಮುಂಜಾನೆ ದೇವರನ್ನು ಹುಡುಕುವ 63ನೇ ಕೀರ್ತನೆ ಬ್ಯಾನರಿಗೆ ಬರುತ್ತದೆ, 127 ಬರುವುದಿಲ್ಲ. ಜ್ಞಾನೋಕ್ತಿಯ ಕೊನೆಯ ಅಧ್ಯಾಯದ ಗುಣವತಿಯನ್ನು ಮಾತ್ರ ತಪ್ಪದೆ ಕರೆತರುತ್ತಾರೆ, ಅವಳು ಕತ್ತಲಿರುವಾಗಲೇ ಏಳುತ್ತಾಳಲ್ಲ ಎಂದು. ಅವಳು ಏಳುವುದು ಮನೆಮಂದಿಗೆ ಊಟ ಒದಗಿಸಲಿಕ್ಕೆ ಎಂದು ಅದೇ ವಾಕ್ಯ ಹೇಳುತ್ತದೆ. ಸತ್ಯವೇದವೇ ಹೊಗಳಿದ ಆ ಕೆಲಸವನ್ನು ಈಗಾಗಲೇ ಮಾಡುತ್ತಿರುವವಳ ಮೇಲೆ ಅದೇ ವಾಕ್ಯವನ್ನು ಬಾರುಕೋಲಿನಂತೆ ಬೀಸುತ್ತಾರೆ.

ಪರಂಪರೆಯ ಮಾತಿಗೆ ಬಂದರೆ ಅವರ ನೆಲೆ ಇನ್ನೂ ಸಡಿಲ. ಕ್ರೈಸ್ತರು ನಸುಕಿನಲ್ಲಿ ಕೂಡುತ್ತಿದ್ದರು ಎಂಬುದಕ್ಕೆ ಸಭೆಯ ಹೊರಗಿನವನೊಬ್ಬ ಕೊಟ್ಟ ಬಹಳ ಹಳೆಯ ಸಾಕ್ಷ್ಯ ಸುಮಾರು 112ರದು. ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಅದು: ಇವರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದು ಅವನು ವರದಿ ಮಾಡುತ್ತಾನೆ. ಈ ಸುದ್ದಿಯ ನಿಜ ತಿಳಿಯಲು ಅವನು ಚಿತ್ರಹಿಂಸೆಗೆ ಒಳಪಡಿಸಿದ್ದು ಇಬ್ಬರು ದಾಸಿಯರನ್ನು. ಸಭೆಯಲ್ಲಿ ಅವರು ಸೇವಕಿಯರೆಂಬ ಸ್ಥಾನ ಪಡೆದಿದ್ದವರು. ಆ ಕಾಲದಲ್ಲಿ ಭಾನುವಾರ ರಜೆಯಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನನು ಆ ದಿನವನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು 321ರಲ್ಲಿ, ಎರಡು ನೂರು ವರ್ಷಗಳ ಮೇಲೆ. ಯಜಮಾನನ ಮನೆಯ ದುಡಿಮೆ ಶುರುವಾಗುವ ಮೊದಲು ದಾಸದಾಸಿಯರ ಕೈಗೆ ಸಿಗಬಹುದಾಗಿದ್ದ ಹೊತ್ತು ಅದು. ನಸುಕು ಆಗ ಸಭೆಯ ಅತಿ ಬಡವಳೂ ಬರಬಹುದಾದ ಗಂಟೆಯಾಗಿತ್ತು. ಇಂದು ಅದೇ ಗಂಟೆ ಅತಿ ಬಡವಳನ್ನು ಹೊರಗಿಡುತ್ತಿದೆ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ನಮ್ಮ ಸಭೆಯವರೂ ಇದ್ದಾರೆ. ಆರು, ಆರೂವರೆಗೆಲ್ಲ ಅವರು ಪೊರಕೆ ಹಿಡಿದು ಹಾಜರಿ ಹಾಕಬೇಕು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅಡುಗೆ ಮುಗಿಸಿ, ಬಸ್ಸು ಹಿಡಿದು, ಒಂದು ನಿಮಿಷ ತಡವಾದರೆ ಸೂಪರ್‌ವೈಸರ್ ಬೈಗುಳ ತಿನ್ನಬೇಕು. ಅವರನ್ನು ಕೇಳಿ ಗಂಟೆ ನಿಗದಿ ಮಾಡಿದ ಸಭೆ ಎಷ್ಟಿವೆ?

ಮಠಗಳ ಉದಾಹರಣೆಯನ್ನೂ ಕೊಡುತ್ತಾರೆ. ಸನ್ಯಾಸಿಗಳು ರಾತ್ರಿಯಲ್ಲೇ ಎದ್ದು ಕೀರ್ತನೆ ಹಾಡುತ್ತಿದ್ದರಲ್ಲ, ನಮಗೇನು ಧಾಡಿ ಎಂದು. ಹಾಗಾದರೆ ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮಾವಳಿಯನ್ನು ಪೂರ್ತಿ ಓದೋಣ. ಚಳಿಗಾಲದಲ್ಲಿ ರಾತ್ರಿಯ ಎಂಟನೇ ತಾಸಿಗೆ ಏಳಬೇಕು ಎನ್ನುತ್ತಾನೆ. ಅರ್ಧ ರಾತ್ರಿಗಿಂತ ಸ್ವಲ್ಪ ಹೆಚ್ಚೇ ಮಲಗಿ, ಉಂಡದ್ದು ಅರಗಿ, ಹಗುರಾಗಿ ಏಳಲಿ ಎಂಬುದು ಅವನ ಲೆಕ್ಕ. ಕತ್ತಲಾದೊಡನೆ ಮಲಗುವವರಿಗೆ ಹೇಳಿದ ಲೆಕ್ಕವದು. ಬೇಸಿಗೆಯಲ್ಲಿ ರಾತ್ರಿ ಚಿಕ್ಕದು, ಆದ್ದರಿಂದ ಮಧ್ಯಾಹ್ನ ಊಟದ ಮೇಲೆ ಮಲಗಲಿ, ಓದುವವನು ಪಕ್ಕದವನಿಗೆ ತೊಂದರೆಯಾಗದಂತೆ ಓದಿಕೊಳ್ಳಲಿ ಎಂದೂ ಬರೆದಿದ್ದಾನೆ. ಅಷ್ಟೇ ಅಲ್ಲ. 35ನೇ ಅಧ್ಯಾಯ ಇಡೀ ಅಡುಗೆಮನೆಯ ಕುರಿತೇ ಇದೆ. ಸಹೋದರರು ವಾರದ ಸರದಿಯಂತೆ ಒಬ್ಬರಿಗೊಬ್ಬರು ಅಡುಗೆಮನೆಯಲ್ಲಿ ಸೇವೆ ಮಾಡಬೇಕು; ಕಾಯಿಲೆ ಬಿದ್ದವನಿಗೆ, ಮಠದ ಬೇರೆ ಮುಖ್ಯ ಹೊಣೆ ಹೊತ್ತವನಿಗೆ ಬಿಟ್ಟರೆ ವಿನಾಯಿತಿ ಇಲ್ಲ. ಕೈಲಾಗದವನಿಗೆ ಜೊತೆಗಾರನನ್ನು ಕೊಡಬೇಕು. ಬಡಿಸುವವರು ಗೊಣಗದೆ ಬಡಿಸಲಿ ಎಂದು ಅವರಿಗೆ ಊಟದ ಹೊತ್ತಿಗಿಂತ ಮುಂಚೆಯೇ ಒಂದಿಷ್ಟು ರೊಟ್ಟಿ, ಕುಡಿಯಲು ಒಂದಿಷ್ಟು ಕೊಡಬೇಕು. ವಾರ ಮುಗಿಸಿದವನು ಶನಿವಾರ ಪಾತ್ರೆ, ವಸ್ತ್ರ ತೊಳೆದಿಟ್ಟು, ಮುಂದಿನವನೊಡನೆ ಸೇರಿ ಎಲ್ಲರ ಪಾದ ತೊಳೆಯಬೇಕು. ದೂರದಲ್ಲಿ ಕೆಲಸಕ್ಕೆ ಹೋದವನು ಪ್ರಾರ್ಥನೆಯ ಗಂಟೆಗೆ ಇದ್ದಲ್ಲೇ ಮೊಣಕಾಲೂರಿ ಪ್ರಾರ್ಥಿಸಿದರೆ ಸಾಕು ಎಂದು 50ನೇ ಅಧ್ಯಾಯ ಹೇಳುತ್ತದೆ.

ಯುರೋಪಿನ ಎಷ್ಟೋ ಮಠಗಳಿಗೆ ನಸುಕಿನ ಪ್ರಾರ್ಥನೆ ಕಲಿಸಿದ ಆ ಮನುಷ್ಯನಿಗೆ ಅನ್ನ ಬೇಯಿಸುವವನು ಯಾರು ಎಂಬ ಪ್ರಶ್ನೆ ಬಿಡದೆ ಕಾಡಿತ್ತು. ಪಾತ್ರೆ ತೊಳೆಯುವ ಸರದಿಯನ್ನು ಅವನು ಕೀರ್ತನೆಗಳ ಸರದಿಯಷ್ಟೇ ಎಚ್ಚರದಿಂದ ಬರೆದಿಟ್ಟ. ನಮ್ಮವರು ಗಡಿಯಾರವನ್ನು ಮಾತ್ರ ತಂದರು, ಸರದಿಯನ್ನು ಅಲ್ಲೇ ಬಿಟ್ಟು ಬಂದರು.

ಮೆಥಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ಗತಿಯೂ ಇಷ್ಟೇ. ಅವನು ನಾಲ್ಕಕ್ಕೆ ಏಳುತ್ತಿದ್ದ, ಐದಕ್ಕೆ ಬೋಧಿಸುತ್ತಿದ್ದ ಎಂಬುದನ್ನು ಯುವಜನ ಶಿಬಿರಗಳಲ್ಲಿ ಸಾವಿರ ಸಲ ಹೇಳಿರುತ್ತಾರೆ. ಆ ಐದು ಗಂಟೆಯ ಬೋಧನೆ ಗಣಿಗೆ, ಕೆಲಸದ ಮನೆಗಳಿಗೆ ಹೊರಟ ಕೂಲಿಗಳಿಗೆ ಹೊಂದುವ ಹೊತ್ತಾಗಿತ್ತು. ಸಮಯದ ಸದ್ಬಳಕೆಯ ಕುರಿತ ತನ್ನ ಪ್ರಸಂಗದಲ್ಲಿ ವೆಸ್ಲಿ ನಿದ್ದೆಯ ಲೆಕ್ಕವನ್ನೂ ಕೊಟ್ಟಿದ್ದಾನೆ: ಆರೋಗ್ಯವಂತ ಗಂಡಸಿಗೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು, ಹೆಂಗಸಿಗೆ ಏಳು ತಾಸಿಗಿಂತ ಸ್ವಲ್ಪ ಹೆಚ್ಚು. ಹೆಂಗಸಿಗೆ ಒಂದು ತಾಸು ಹೆಚ್ಚು ನಿದ್ದೆ ಬೇಕು ಎಂದು ನಾಲ್ಕು ಗಂಟೆಯ ಆ ಮಹಾಪುರುಷನೇ ಹೇಳಿದ್ದಾನೆ. ನಮ್ಮ ಎಷ್ಟು ಸಭೆಗಳಲ್ಲಿ ಈ ಮಾತನ್ನು ಓದಿ ಹೇಳಿದ್ದಾರೆ? ಕೊರಿಯಾದ ಸಭೆಗಳ ಮುಂಜಾನೆ ಪ್ರಾರ್ಥನೆಯನ್ನು ಹೊಗಳುವವರೂ, ಕಳೆದ ಶತಮಾನದ ಆರಂಭದಲ್ಲಿ ಅದು ಬೇರೂರಿದ್ದು ಹೊತ್ತು ಮುಳುಗಿದ ಮೇಲೆ ದೀಪ ಆರಿಸಿ ಮಲಗುವ ರೈತರ ನಾಡಿನಲ್ಲಿ ಎಂಬುದನ್ನು ಮರೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಗಂಡನಿಗೆ ಬಿಸಿ ಮಾಡಿ ಬಡಿಸಿ ಕೈತೊಳೆಯುವವಳಿಗೆ ಆ ನಸುಕು ಎಲ್ಲಿಂದ ಬರಬೇಕು?

ಇನ್ನೊಂದು ಆರೋಪವನ್ನೂ ಇಡದೆ ಬಿಡಲಾರೆ. ಈ ಗಂಟೆಗೆ ಈಗ ಬೆಲೆಪಟ್ಟಿ ಅಂಟಿದೆ. ನಲವತ್ತು ದಿನ ಎದ್ದೆ, ವೀಸಾ ಬಂತು. ಇಪ್ಪತ್ತೊಂದು ದಿನ ಎದ್ದೆ, ಸೈಟು ರಿಜಿಸ್ಟರ್ ಆಯಿತು ಎಂಬ ಸಾಕ್ಷಿಗಳನ್ನೇ ಮೈಕಿನಲ್ಲಿ ಮುಂದೆ ಕರೆಯುತ್ತಾರೆ. ಎದ್ದೂ ಎದ್ದೂ ಮಗುವನ್ನು ಕಳಕೊಂಡವಳನ್ನು ಯಾರೂ ಮುಂದೆ ಕರೆಯುವುದಿಲ್ಲ. ಅವಳು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಾಳೆ: ಯಾವ ದಿನ ಅಲಾರಂ ಕೇಳಿಸಲಿಲ್ಲ, ಯಾವ ದಿನ ಪ್ರಾರ್ಥನೆಯ ನಡುವೆ ತೂಕಡಿಸಿದೆ, ದೇವರು ಆ ಒಂದು ದಿನಕ್ಕಾಗಿಯೇ ಹೀಗೆ ಮಾಡಿದನೇ? ಈ ಪ್ರಶ್ನೆಯನ್ನು ಅವಳ ತಲೆಯಲ್ಲಿ ನೆಟ್ಟವರು ಯಾರು? ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಧಣಿಯಾಗಿ ತಂದೆಯಾದ ದೇವರನ್ನು ಚಿತ್ರಿಸಿದವರು ಅವಳ ಮುಂದೆ ನಿಂತು ಉತ್ತರ ಕೊಡಬೇಕು.

ರೋಗಿಗಳ ಪಾಡು ಬೇರೆಯೇ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಕಷ್ಟು ನಿದ್ದೆ ಬೇಕು. ಬಾಣಂತಿಗೆ ರಾತ್ರಿಯಿಡೀ ಎಚ್ಚರ. ನಮ್ಮ ಸಭೆಗಳ ಹೆಮ್ಮೆಯಾದ ನರ್ಸ್ ಹೆಣ್ಣುಮಕ್ಕಳು ನೈಟ್ ಡ್ಯೂಟಿಯಲ್ಲಿ ನಾಲ್ಕಕ್ಕೆ ಯಾರದೋ ಬಿಪಿ ನೋಡುತ್ತ, ಯಾರದೋ ಹಾಸಿಗೆ ಬದಲಿಸುತ್ತ ನಿಂತಿರುತ್ತಾರೆ. ಇವರೆಲ್ಲ ಬೋಧನೆ ಕೇಳಿ ಕುಗ್ಗಿ ಮನೆಗೆ ಹೋಗುತ್ತಾರೆ. ಹೊರಲಾರದ ಹೊರೆ ಕಟ್ಟಿ ಜನರ ಹೆಗಲಿಗೇರಿಸಿ, ತಾವು ಬೆರಳನ್ನೂ ತಾಗಿಸದವರ ಬಗ್ಗೆ ಯೇಸು ಏನು ಹೇಳಿದ ಎಂಬುದನ್ನು ಮತ್ತಾಯನ 23ನೇ ಅಧ್ಯಾಯದಲ್ಲಿ ಬೋಧಕರು ತಾವೇ ಓದಿಕೊಳ್ಳಲಿ.

ಇಷ್ಟು ಹೇಳಿದರೆ ತಕ್ಷಣ ಬರುವ ಮಾತು: ‘ಹಾಗಾದರೆ ಯಾವಾಗ ಬೇಕಾದರೂ ಪ್ರಾರ್ಥಿಸಲಿ, ದೇವರು ಕೇಳುತ್ತಾನೆ, ಬಿಡಿ.’ ಈ ಉದಾರ ಮಾತನ್ನೂ ನಾನು ಒಪ್ಪುವುದಿಲ್ಲ. ಯಾವಾಗ ಬೇಕಾದರೂ ಎಂದವರು ಯಾವಾಗಲೂ ಪ್ರಾರ್ಥಿಸುವುದಿಲ್ಲ. ಅದರಲ್ಲೂ ಮನೆಯಲ್ಲಿ ದುಡಿಯುವ ಹೆಂಗಸಿಗೆ ಗೊತ್ತಾದ ಗಂಟೆ ಇಲ್ಲವೆಂದರೆ ಅವಳ ಹೊತ್ತು ಎಲ್ಲರ ಹೊತ್ತಾಗಿಬಿಡುತ್ತದೆ. ಒಬ್ಬರು ಟವೆಲ್ ಕೇಳುತ್ತಾರೆ, ಒಬ್ಬರು ಕಾಫಿ ಕೇಳುತ್ತಾರೆ. ಗಂಟೆ ಗೊತ್ತಾಗಲೇಬೇಕು, ಆ ಗಂಟೆಯಲ್ಲಿ ಅವಳನ್ನು ಯಾರೂ ಕರೆಯಬಾರದು. ನಸುಕಿನ ಹೊತ್ತೇ ಬೇಕೆಂದು ಅವಳು ಬಯಸಿದರೆ ನಸುಕೇ ಆಗಲಿ, ಆದರೆ ಆಗ ಒಲೆಯ ಮುಂದೆ ನಿಲ್ಲುವವನು ಗಂಡ.

ಅಭ್ಯಾಸ ಬೆಳೆಯುವುದು ಹಿಂದಿನ ರಾತ್ರಿಯಲ್ಲಿ. ಒಂಬತ್ತಕ್ಕೆ ಊಟ ಮುಗಿಯಬೇಕು, ಒಂಬತ್ತೂವರೆಗೆ ಎಂಜಲು ಪಾತ್ರೆ ಗಂಡುಮಕ್ಕಳ ಕೈಯಲ್ಲಿ ತೊಳೆದಿರಬೇಕು, ಹತ್ತಕ್ಕೆ ಟಿವಿ, ಫೋನು ಎಲ್ಲ ಆರಬೇಕು. ಟಿಫಿನ್ನಿನ ತರಕಾರಿ ರಾತ್ರಿಯೇ ಹೆಚ್ಚಿಟ್ಟಿರಬೇಕು. ಆಮೇಲೆ ಅಲಾರಂ ಮಾತು. ಎದ್ದ ಮೇಲೆ ಒಂದೂವರೆ ಗಂಟೆ ಬೇಡ. ಒಂದು ಕೀರ್ತನೆ, ನಾಲ್ಕು ಹೆಸರು, ಒಂದಿಷ್ಟು ಮೌನ, ಹದಿನೈದು ನಿಮಿಷ ಸಾಕು, ತಪ್ಪದೆ ನಡೆದರೆ ವರ್ಷಗಟ್ಟಲೆ ನಡೆಯುತ್ತದೆ. ನೈಟ್ ಡ್ಯೂಟಿಯ ನರ್ಸಿಗೆ ಬೆಳಿಗ್ಗೆ ಎಂಟೂವರೆಗೆ ಹಾಸ್ಟೆಲಿಗೆ ಬಂದು ಮುಖ ತೊಳೆದ ಹೊತ್ತೇ ನಸುಕು. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ತಲೆಮಾರುಗಳಿಂದ ತೆರ್ಸ್ ಎಂಬ ಜಪಸರ ಪ್ರಾರ್ಥನೆ ನಡೆಯುವುದು ಸಂಜೆಯ ಮೇಲೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು. ಸಂಜೆ ಜಪಸರ ಹಿಡಿದವರ ವಿಶ್ವಾಸ ಎರಡನೇ ದರ್ಜೆಯದು ಎಂದು ಹೇಳುವ ಧೈರ್ಯ ಯಾರಿಗಿದೆ?

ನಾಲ್ಕು ಗಂಟೆಯ ಬೋಧಕರು ಮುಟ್ಟದೆ ಬಿಟ್ಟ ಎರಡು ಪುಟಗಳನ್ನು ಅವರ ಮುಂದಿಡುತ್ತೇನೆ. ಒಂದು, ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ. ಸಾಕಾಗಿಹೋಗಿದೆ, ಸಾಯುತ್ತೇನೆ ಎಂದು ಮರದಡಿ ಮಲಗಿದ ಎಲೀಯನನ್ನು ದೂತನು ತಟ್ಟಿ ಎಬ್ಬಿಸಿದ್ದು ತಿನ್ನಲಿಕ್ಕೆ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಅವನು ಮತ್ತೆ ಮಲಗಿದ, ದೂತನು ಮಲಗಲು ಬಿಟ್ಟ. ಇನ್ನೊಂದು, ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿದ್ದಾರೆ, ಬೆಳಗಾಗುತ್ತಿದೆ, ಪುನರುತ್ಥಾನನಾದ ಕರ್ತನು ದಡದಲ್ಲಿದ್ದಾನೆ. ನೀವು ಈ ಹೊತ್ತಿಗೆ ಪ್ರಾರ್ಥನೆಯಲ್ಲಿರಬೇಕಿತ್ತಲ್ಲ ಎಂದು ಅವನು ಕೇಳಲಿಲ್ಲ. ಕೆಂಡ ಹಾಕಿ, ಮೀನಿಟ್ಟು, ರೊಟ್ಟಿ ಇಟ್ಟು, ರಾತ್ರಿಪಾಳಿ ಮುಗಿಸಿ ಬಂದವರನ್ನು ಬೆಳಗಿನ ಊಟಕ್ಕೆ ಕರೆದ. ಮರಣವನ್ನು ಗೆದ್ದವನೇ ನಸುಕಿನಲ್ಲಿ ಒಲೆ ಹಚ್ಚಿದ. ಅವನ ಹೆಸರಿನಲ್ಲಿ ಬೋಧಿಸುವವನಿಗೆ ಒಲೆ ಹಚ್ಚುವುದು ಕೀಳು ಕೆಲಸವಾದದ್ದು ಯಾವಾಗ? ನಾಲ್ಕೂವರೆಯ ನೇರಪ್ರಸಾರಕ್ಕೆ ಕೂರುವ ಪಾಸ್ಟರ್ ಕೈಗೆ ಕಾಫಿ ಲೋಟ ತಂದಿಡುವ ಪಾಸ್ಟರಮ್ಮ ಎಷ್ಟಕ್ಕೆ ಎದ್ದಿದ್ದರು ಎಂದು ಕ್ಯಾಮೆರಾದ ಈಚೆ ಇರುವ ನಾವು ಎಂದಾದರೂ ಕೇಳಿದ್ದೇವೆಯೇ?

ಆದ್ದರಿಂದ ಸಭಾಪಾಲಕರೇ, ಸಭಾ ಹಿರಿಯರೇ, ಮೊದಲು ಆತ್ಮಿಕ ನಿದ್ದೆಯ ಆ ಪ್ರಸಂಗವನ್ನು ನಿಲ್ಲಿಸಿ. ಬಂದವರ ಹೆಸರು ಓದುವುದನ್ನು ಬಿಡಿ. ಮುಂಜಾನೆ ಪ್ರಾರ್ಥನೆಯ ಹೊತ್ತನ್ನು ಕಮಿಟಿಯ ಗಂಡಸರು ಗೊತ್ತುಮಾಡುವುದು ಬೇಡ. ಸ್ತ್ರೀಯರ ಕೂಟದವರನ್ನು, ಪೌರಕಾರ್ಮಿಕರನ್ನು, ಗಾರ್ಮೆಂಟ್ಸ್ ಮತ್ತು ಆಸ್ಪತ್ರೆಯ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಿ, ಅವರು ಹೇಳಿದ ಗಂಟೆಯನ್ನು ಬರೆದುಕೊಳ್ಳಿ. ಅದು ರಾತ್ರಿ ಎಂಟಾದರೆ ರಾತ್ರಿ ಎಂಟಕ್ಕೇ ಗಂಟೆ ಬಾರಿಸಿ. ಪುರುಷರ ಕೂಟದಲ್ಲಿ ಮುಂದಿನ ಉಪವಾಸ ಪ್ರಾರ್ಥನೆಗೆ ಹೆಸರು ಬರೆಸುವಾಗ ಪ್ರತಿ ಹೆಸರಿನ ಎದುರು ಇನ್ನೊಂದು ಅಂಕಣ ಎಳೆಯಿರಿ: ಇವನ ಮನೆಯಲ್ಲಿ ಈ ದಿನಗಳಲ್ಲಿ ಬೆಳಗಿನ ಅಡುಗೆ, ನೀರು, ಮಕ್ಕಳ ಡಬ್ಬಿ ಯಾರದು? ಅಲ್ಲಿ ಅವನದೇ ಹೆಸರು ಬರುವ ತನಕ ಅವನನ್ನು ಪ್ರಾರ್ಥನೆ ನಡೆಸಲು ವೇದಿಕೆ ಹತ್ತಿಸಬೇಡಿ. ನಿಮ್ಮ ಹೆಸರಿನ ಎದುರಿನ ಅಂಕಣವನ್ನು ಎಲ್ಲರಿಗಿಂತ ಮೊದಲು ತುಂಬಿ, ನೋಟಿಸ್ ಬೋರ್ಡಿಗೆ ಹಾಕಿ.